ನಾಲ್ಕು ದೊಡ್ಡದೋ ಆರು ದೊಡ್ಡದೋ

ಎಸ್ಸೆಸ್ಸೆಲ್ಸಿಯಲ್ಲಿ 85 ಪರ್ಸೆಂಟ್ ದಾಟಿದರೆ ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಕನ್ಸೋಲ್ ಕೊಡಿಸ್ತೀನಿ ಅಂತ ಅಕ್ಕನ ಮಗನಿಗೆ ಯಾವುದೋ ಹುಮ್ಮಸ್ಸಿನಲ್ಲಿ ಹೇಳಿಬಿಟ್ಟಿದ್ದೆ. ಹುಡುಗ ದಾಟಿಬಿಟ್ಟ. ಅಕ್ಕ ಫೋನ್ ಮಾಡಿ, "ಮಾತು ಕೊಟ್ಟವನು ನೀನು, ನನ್ನನ್ನ ಮಧ್ಯಕ್ಕೆ ತರಬೇಡ" ಅಂದಳು. ಹಾಗಾಗಿ ಒಂದು ಶನಿವಾರ ಮಾಮ ಅಳಿಯ ಇಬ್ಬರೂ ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಬಂದು ನ್ಯಾಷನಲ್ ಮಾರ್ಕೆಟ್ ಹೊಕ್ಕೆವು. ನನ್ನ ಬಜೆಟ್ ಏನು ಅಂತ ಕೇಳಿದ ಕೂಡಲೇ ಅಂಗಡಿಯವರು ಗಾಜಿನ ಕೌಂಟರ್ ಮೇಲೆ ಎರಡು ಡಬ್ಬಿ ಇಟ್ಟರು. ಒಂದು ಕಪ್ಪು, ಭಾರವಾದದ್ದು, ಸೆಕೆಂಡ್ ಹ್ಯಾಂಡ್. ಎಕ್ಸ್‌ಬಾಕ್ಸ್ ಒನ್ ಎಕ್ಸ್. ಇನ್ನೊಂದು ಬಿಳಿ, ಚಿಕ್ಕದು, ಮೈಮೇಲೆ ಒಂದು ಕಪ್ಪು ದುಂಡನೆ ಜಾಲರಿ. ಎಕ್ಸ್‌ಬಾಕ್ಸ್ ಸೀರೀಸ್ ಎಸ್. "ಸರ್, ಬಿಳೀದು ನೆಕ್ಸ್ಟ್ ಜೆನ್, ಕಪ್ಪು ಹಳೇ ಜನರೇಷನ್" ಅಂದರು.

ಅಳಿಯ ಫೋನಿನಲ್ಲಿ ಮುಖ ಹುದುಗಿಸಿದ್ದ. ತಲೆ ಎತ್ತಿ ಕೇಳಿದ: "ಮಾಮ, ಕಪ್ಪು ಆರು ಟೆರಾಫ್ಲಾಪ್. ಬಿಳೀದು ನಾಲ್ಕೇ. ಆರು ಇರೋದು ಹಳೇದು, ನಾಲ್ಕು ಇರೋದು ಹೊಸದು. ಅದು ಹೇಗೆ?" ನಾನು ಅಂಗಡಿಯವರ ಮುಖ ನೋಡಿದೆ. ಅವರು, "ಅದೆಲ್ಲ ನಂಗೆ ಗೊತ್ತಿಲ್ಲಪ್ಪ. ಹೊಸ ಗೇಮ್ ಇದಕ್ಕೆ ಬರುತ್ತೆ, ಅದಕ್ಕೆ ಬರಲ್ಲ ಅಷ್ಟೇ" ಅಂದು ಮುಂದಿನ ಗಿರಾಕಿಯ ಕಡೆ ತಿರುಗಿದರು. ನಾವು ಬಿಳೀದನ್ನೇ ತಂದೆವು. ಆದರೆ ಹುಡುಗನ ಪ್ರಶ್ನೆ ನನ್ನ ಜೊತೆ ಮೆಟ್ರೋ ಹತ್ತಿ ಮನೆಗೆ ಬಂತು. ಇನ್ನೂ ಹೋಗಿಲ್ಲ.

ಟೆರಾಫ್ಲಾಪ್ ಅಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ. (ಲಕ್ಷ ಕೋಟಿ ಅಂದ ಕೂಡಲೇ ನಮ್ಮ ಕಡೆ ಹಗರಣ ನೆನಪಾಗುತ್ತದೆ. ಇದು ಆ ಲಕ್ಷ ಕೋಟಿಯಲ್ಲ.) ಪರದೆ ಮೇಲೆ ಬೆಳಕು, ನೆರಳು, ಬಣ್ಣ ಮೂಡಿಸಲು ಗ್ರಾಫಿಕ್ಸ್ ಚಿಪ್ ಎಷ್ಟು ಬೇಗ ಲೆಕ್ಕ ಮಾಡಬಲ್ಲದು ಅನ್ನುವುದಕ್ಕೆ ಒಂದು ಅಳತೆ. 2017ರ ನವೆಂಬರ್‌ನಲ್ಲಿ ಬಂದ ಒನ್ ಎಕ್ಸ್‌ನದು 6. ಮೂರು ವರ್ಷ ಬಿಟ್ಟು ಬಂದ ಸೀರೀಸ್ ಎಸ್‌ನದು 4. ಹಳೆಯದರಲ್ಲಿ 12 ಜಿಬಿ ಮೆಮೊರಿ, ಹೊಸದರಲ್ಲಿ 10. ಇನ್ನೂ ತಮಾಷೆ ಏನೆಂದರೆ, ಒನ್ ಎಕ್ಸ್‌ಗೆಂದೇ ತಿದ್ದಿ ತೀಡಿದ ಹಳೇ ಆಟ ಹಾಕಿದರೆ ಸೀರೀಸ್ ಎಸ್ ಅದರ ಚೆಂದದ ರೂಪವನ್ನು ತೆಗೆದುಕೊಳ್ಳುವುದೇ ಇಲ್ಲ. ಮಾಮೂಲಿ ಎಕ್ಸ್‌ಬಾಕ್ಸ್ ಒನ್‌ಗೆ ಮಾಡಿದ ರೂಪವನ್ನೇ ಓಡಿಸುತ್ತದೆ. ಅಂದರೆ ಹಳೇ ಆಟದ ಚಿತ್ರ ಹಳೇ ಡಬ್ಬಿಯಲ್ಲೇ ಜಾಸ್ತಿ ಚೆನ್ನಾಗಿ ಕಾಣುತ್ತದೆ. ಹೊಸ ಚಿಪ್ಪಿನ ವಿನ್ಯಾಸ ಬೇರೆ, ಒಂದೊಂದು ಟೆರಾಫ್ಲಾಪ್‌ನಲ್ಲಿ ಜಾಸ್ತಿ ಕೆಲಸ ತೆಗೆಯುತ್ತದೆ ಅನ್ನುವುದು ನಿಜ. ಹಾಗಾಗಿ ಆರು ನಾಲ್ಕನ್ನು ಪಕ್ಕಪಕ್ಕ ಇಟ್ಟು ತೂಗುವುದು ಪೂರ್ತಿ ನ್ಯಾಯವಲ್ಲ. ಆದರೂ ಚಿತ್ರದ ಬಲವೇ ತಲೆಮಾರನ್ನು ತೀರ್ಮಾನಿಸುವುದಾದರೆ, ಇಷ್ಟು ಹತ್ತಿರದ ಜಗಳ ಇರಬಾರದಿತ್ತು ಅಲ್ವಾ?

ಚಿಕ್ಕಮಾಮ

ತಲೆಮಾರು ಅಂದಾಗಲೆಲ್ಲ ನನಗೆ ಚಿಕ್ಕಮಾಮ ನೆನಪಾಗುತ್ತಾನೆ. ಅಜ್ಜಿಯ ಕೊನೇ ಹೆರಿಗೆಯೂ ಅಮ್ಮನ ಎರಡನೇ ಹೆರಿಗೆಯೂ ಒಂದೇ ವರ್ಷ. ತಿಪಟೂರಿನ ಆ ಮನೆಯಲ್ಲಿ ತಾಯಿ ಮಗಳು ಇಬ್ಬರೂ ಹೆಚ್ಚುಕಮ್ಮಿ ಒಟ್ಟಿಗೆ ಬಾಣಂತಿಯರು. ನಾನು ಏಳು ತಿಂಗಳು ದೊಡ್ಡವನು. ಆದರೂ ಅವನು ಮಾಮ, ನಾನು ಅಳಿಯ. ಓಟದಲ್ಲಿ ನಾನು ಮುಂದೆ, ಈಜಿನಲ್ಲಿ ನಾನು ಮುಂದೆ, ಎತ್ತರದಲ್ಲೂ ನಾನೇ ಮುಂದೆ. ಮದುವೆ ಮನೆಯಲ್ಲಿ ಮಾತ್ರ ಅವನು ದೊಡ್ಡವರ ಸಾಲಿನಲ್ಲಿ ಕೂತಿರುತ್ತಿದ್ದ. ನಾನು ಬಗ್ಗಿ ನಮಸ್ಕಾರ ಮಾಡಬೇಕಿತ್ತು. ನಮಸ್ಕಾರ ಮಾಡುವಾಗ ಅವನು ಬೇಕಂತಲೇ ನನ್ನ ತಲೆ ಮೇಲೆ ಎರಡು ಸಲ ತಟ್ಟುತ್ತಿದ್ದ. ಇಬ್ಬರೇ ಇದ್ದಾಗ "ನೀನು", ಅಜ್ಜಿ ಎದುರಿಗೆ "ನೀವು". ತಲೆಮಾರಿನ ಲೆಕ್ಕ ಹಾಕುವಾಗ ನಮ್ಮಲ್ಲಿ ಯಾರೂ ತೋಳಿನ ಸುತ್ತಳತೆ ತೆಗೆಯುವುದಿಲ್ಲ. ಯಾರ ಹೊಟ್ಟೆಯಲ್ಲಿ ಹುಟ್ಟಿದ ಅನ್ನುವುದಷ್ಟೇ ಲೆಕ್ಕ.

ವಿಡಿಯೋ ಗೇಮ್ ಅನ್ನುವ ವಸ್ತುವನ್ನು ಮೊದಲು ಮುಟ್ಟಿದ್ದೂ ಅದೇ ಮನೆಯಲ್ಲಿ. 1997ರ ಬೇಸಿಗೆ ರಜೆ. ಆ ವರ್ಷ ಕೊಬ್ಬರಿಗೆ ಒಳ್ಳೆ ರೇಟು ಸಿಕ್ಕಿತ್ತೋ ಏನೋ, ಅಜ್ಜ ಬೆಂಗಳೂರಿಗೆ ಹೋದವರು ಕೊನೇ ಮಗನಿಗೆ ಅಂತ ಒಂದು ಟಿವಿ ಗೇಮ್ ತಂದಿದ್ದರು. ಇದೇ ನ್ಯಾಷನಲ್ ಮಾರ್ಕೆಟ್‌ನಿಂದ. ಹೆಸರಿಲ್ಲದ ಚೈನಾ ಸೆಟ್ಟು, ಎರಡು ರಿಮೋಟು, ಒಂದು ಪ್ಲಾಸ್ಟಿಕ್ ಬಂದೂಕು, ಒಂದು ಹಳದಿ ಕ್ಯಾಸೆಟ್. ಕ್ಯಾಸೆಟ್ ಮೇಲೆ 9999 ಇನ್ 1 ಅಂತ ಬರೆದಿತ್ತು. ನಾವಿಬ್ಬರೂ ಒಂದು ಮಧ್ಯಾಹ್ನ ಪೂರ್ತಿ ಕೂತು ಪಟ್ಟಿ ಇಳಿಸುತ್ತಾ ಹೋದೆವು. ಒಟ್ಟು ಆಟ ಇದ್ದದ್ದು ಏಳೆಂಟು. ಉಳಿದದ್ದೆಲ್ಲ ಅವೇ, ಬೇರೆ ಬೇರೆ ಹೆಸರಿನಲ್ಲಿ. ಮಾರಿಯೋ, ಟ್ಯಾಂಕ್ ಗೇಮ್, ಬಾತುಕೋಳಿ ಹೊಡೆಯುವ ಆಟ. ಕ್ಯಾಸೆಟ್ ಹಿಡಿಯದಿದ್ದರೆ ತೆಗೆದು ಫೂ ಅಂತ ಊದುವುದು, ಮತ್ತೆ ಹಾಕುವುದು. ಕರೆಂಟು ಹೋಗುವ ಹೊತ್ತು ನಮಗೆ ಬಾಯಿಪಾಠ ಆಗಿತ್ತು. ಮಾರಿಯೋನ ನಾಲ್ಕನೇ ಲೋಕಕ್ಕೆ ಬಂದಾಗಲೇ ಹೋಗುತ್ತಿತ್ತು. ಅಜ್ಜಿ ಒಳಗಿನಿಂದ "ಈಗಲಾದ್ರೂ ಊಟಕ್ಕೆ ಬರ್ರೋ" ಅನ್ನುತ್ತಿದ್ದರು.

ಎಷ್ಟೋ ವರ್ಷ ಆದಮೇಲೆ ಗೊತ್ತಾದದ್ದು, ಆ ಡಬ್ಬಿ ನಿಂಟೆಂಡೋ ಅನ್ನುವ ಜಪಾನಿ ಕಂಪನಿಯ ಕನ್ಸೋಲ್ ಫ್ಯಾಮಿಕಾಮ್‌ನ ನಕಲು ಅಂತ. ಅಸಲಿ ಫ್ಯಾಮಿಕಾಮ್ ಜಪಾನಿನಲ್ಲಿ ಹೊರಬಂದದ್ದು 1983ರ ಜುಲೈನಲ್ಲಿ. ನಾನು ಹುಟ್ಟುವುದಕ್ಕೂ ಮೊದಲು. ಜನ ಹಾಕಿಕೊಂಡ ಲೆಕ್ಕದಲ್ಲಿ ಅದು ಮೂರನೇ ತಲೆಮಾರು. ನಾವು ತಿಪಟೂರಿನಲ್ಲಿ ಹಳದಿ ಕ್ಯಾಸೆಟ್‌ಗೆ ಊದುತ್ತಿದ್ದ ಹೊತ್ತಿಗೆ ಅತ್ತ ಸೋನಿಯ ಪ್ಲೇಸ್ಟೇಷನ್, ನಿಂಟೆಂಡೋ 64 ಬಂದು ಐದನೇ ತಲೆಮಾರು ಜೋರಾಗಿ ನಡೆಯುತ್ತಿತ್ತು. ನಮಗೆ ಅದರ ಗಾಳಿಗಂಧವೂ ಇರಲಿಲ್ಲ. ಹಳೇ ವಸ್ತುವಿನ ಜೊತೆ ಆಡುತ್ತಿದ್ದೇವೆ ಅಂತ ಒಂದು ದಿನವೂ ಅನ್ನಿಸಲಿಲ್ಲ. ಪಕ್ಕದಲ್ಲಿ ಇನ್ನೊಂದು ಡಬ್ಬಿ ಇದ್ದಿದ್ದರೆ ತಾನೇ ಹೋಲಿಸಿ ನೋಡುವುದು.

ಬಿಟ್‌ಗಳ ಬಡಾಯಿ

ಚಿತ್ರದ ಬಲ ಮತ್ತು ತಲೆಮಾರು ಒಂದೇ ಅನ್ನುವ ನಂಬಿಕೆ ಎಲ್ಲಿಂದ ಬಂತು ಅಂತ ಹುಡುಕಿದರೆ ಬಿಟ್‌ಗಳ ಕಾಲಕ್ಕೆ ಹೋಗಬೇಕು. (ಬಿಟ್ ಅಂದರೆ ಪ್ರೊಸೆಸರ್ ಒಂದೇ ಸಲಕ್ಕೆ ಎಷ್ಟು ದೊಡ್ಡ ಅಂಕಿ ಹಿಡಿಯಬಲ್ಲದು ಅನ್ನುವುದರ ಅಳತೆ.) ಫ್ಯಾಮಿಕಾಮ್ 8 ಬಿಟ್. ಸೆಗಾದ ಮೆಗಾ ಡ್ರೈವ್ 16. ಪ್ಲೇಸ್ಟೇಷನ್ 32. ನಿಂಟೆಂಡೋದವರು ಹೆಸರಿನಲ್ಲೇ 64 ಸೇರಿಸಿಬಿಟ್ಟರು. ಪ್ರತಿ ಸಲ ಎರಡರಷ್ಟು. ಮಗ್ಗಿ ಓದಿದ ಹಾಗೆ. ಇಷ್ಟು ಸಲೀಸಾದ ಲೆಕ್ಕ ಇದ್ದಾಗ ನಂಬದೇ ಇರುವುದು ಕಷ್ಟ. ಆದರೆ ಆಗಲೂ ಅದು ಪೂರ್ತಿ ನಿಜ ಆಗಿರಲಿಲ್ಲ. 1987ರಲ್ಲಿ ಜಪಾನಿನಲ್ಲಿ ಬಂದ ಪಿಸಿ ಎಂಜಿನ್‌ನ ಮುಖ್ಯ ಪ್ರೊಸೆಸರ್ ಬರೀ 8 ಬಿಟ್‌ನದು, ಗ್ರಾಫಿಕ್ಸ್ ಭಾಗ ಮಾತ್ರ 16. ಅಮೆರಿಕಕ್ಕೆ ಹೋಗುವಾಗ ಆ 16 ಅನ್ನು ಹೆಸರಿಗೇ ಅಂಟಿಸಿಕೊಂಡು ಟರ್ಬೋಗ್ರಾಫಿಕ್ಸ್ 16 ಆಯಿತು. 1993ರಲ್ಲಿ ಅಟಾರಿ ಜಾಗ್ವಾರ್ ಬಂತು. ನಮ್ಮದು 64 ಬಿಟ್, ಬೇಕಿದ್ದರೆ ನೀವೇ ಲೆಕ್ಕ ಹಾಕಿಕೊಳ್ಳಿ ಅಂತ ಜಾಹೀರಾತು ಕೊಟ್ಟರು. ಜನ ಲೆಕ್ಕ ಹಾಕಿದರು, ಕೊಳ್ಳಲಿಲ್ಲ. ಅದರ ಹಿಂದೆಯೇ ಬಂದ 32 ಬಿಟ್‌ನ ಪ್ಲೇಸ್ಟೇಷನ್ 10 ಕೋಟಿ ದಾಟಿತು.

ಹಾಗಂತ ಚಿತ್ರ ಲೆಕ್ಕಕ್ಕೇ ಇಲ್ಲ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಪಿಯುಸಿ ಓದುವಾಗ ತುಮಕೂರಿನ ಒಂದು ಗೇಮ್ ಪಾರ್ಲರ್‌ನಲ್ಲಿ ಮೊದಲ ಸಲ ಟೆಕ್ಕೆನ್ 3 ಅನ್ನುವ ಹೊಡೆದಾಟದ ಆಟ ನೋಡಿದಾಗ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಅಲ್ಲಿಯವರೆಗೆ ನಾನು ನೋಡಿದ್ದ ಆಟಗಳಲ್ಲಿ ಮನುಷ್ಯ ಅಂದರೆ ಎಡಕ್ಕೋ ಬಲಕ್ಕೋ ಮುಖ ಮಾಡಿದ ಕಾಗದದ ಗೊಂಬೆ. ಇವರು ಪಕ್ಕಕ್ಕೆ ಸರಿಯುತ್ತಿದ್ದರು, ಸುತ್ತ ತಿರುಗುತ್ತಿದ್ದರು, ಬೆನ್ನು ಕಾಣುತ್ತಿತ್ತು. ಚಪ್ಪಟೆ ಲೋಕಕ್ಕೆ ಆಳ ಬಂದದ್ದು ಚಿತ್ರದ ಬಲದಿಂದಲೇ. ಆ ಒಂದು ಸಲದ ಮಟ್ಟಿಗೆ ಬಲ ಮತ್ತು ತಲೆಮಾರು ಜೊತೆಯಾಗಿ ನಡೆದವು. ಆ ಒಂದು ಸಲವೇ ನಮ್ಮ ತಲೆ ಕೆಡಿಸಿತು ಅಂತ ನನ್ನ ಗುಮಾನಿ. ಪ್ರತಿ ಸಲವೂ ಹಾಗೇ ಆಗುತ್ತದೆ ಅಂತ ಕಾಯುತ್ತಾ ಕೂತೆವು.

ಕೈಕಾಲಿಲ್ಲದ ಟೆನಿಸ್

ಆ ಕಾಯುವಿಕೆಗೆ ತಣ್ಣೀರು ಎರಚಿದ್ದು ನಿಂಟೆಂಡೋ ವೀ. 2006ರ ನವೆಂಬರ್. ಅದೇ ತಿಂಗಳು ಪ್ಲೇಸ್ಟೇಷನ್ 3 ಬಂತು. ಎಕ್ಸ್‌ಬಾಕ್ಸ್ 360 ಒಂದು ವರ್ಷ ಮೊದಲೇ ಬಂದಿತ್ತು. ಆ ಎರಡೂ ಎಚ್‌ಡಿ ಟಿವಿಗೆ ಅಂತ ಹುಟ್ಟಿದವು. ವೀ 480 ಗೆರೆಗಳ ಮೇಲೆ ಹೋಗುತ್ತಲೇ ಇರಲಿಲ್ಲ. ಒಳಗೆ ನೋಡಿದರೆ ಇನ್ನೂ ನಾಚಿಕೆ. ನಿಂಟೆಂಡೋದ್ದೇ ಹಿಂದಿನ ಕನ್ಸೋಲ್ ಗೇಮ್‌ಕ್ಯೂಬ್‌ನ ಪ್ರೊಸೆಸರ್ 485 ಮೆಗಾಹರ್ಟ್ಸ್, ವೀಯದು 729. ಗ್ರಾಫಿಕ್ಸ್ ಚಿಪ್ 162 ಇದ್ದದ್ದು 243 ಆಗಿತ್ತು. ಎರಡೂ ಹೆಚ್ಚುಕಮ್ಮಿ ಒಂದೂವರೆ ಪಟ್ಟು. ಮೆಮೊರಿ ಜಾಸ್ತಿ ಆಗಿತ್ತು ಅನ್ನಿ, ಆದರೆ ರಕ್ತ ಅದೇ. 2007ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಕ್ರಿಸ್ ಹೆಕರ್ ಅನ್ನುವ ಪ್ರೋಗ್ರಾಮರ್, ವೀ ಅಂದರೆ ಟೇಪು ಸುತ್ತಿ ಅಂಟಿಸಿದ ಎರಡು ಗೇಮ್‌ಕ್ಯೂಬ್ ಅಂತ ಗೇಲಿ ಮಾಡಿದರು. ಆಮೇಲೆ ಕ್ಷಮೆ ಕೇಳಿದರು. (ಗಡಿಯಾರದ ವೇಗದ ಲೆಕ್ಕದಲ್ಲಿ ಎರಡೂ ಇಲ್ಲ, ಒಂದೂವರೆ. ಗೇಲಿಯಲ್ಲೂ ಅವರು ಧಾರಾಳಿ.)

ಈಗ ಇದನ್ನು ಪಕ್ಕದಲ್ಲಿಡಿ. 2013ರ ಪ್ಲೇಸ್ಟೇಷನ್ 4ರದು 1.84 ಟೆರಾಫ್ಲಾಪ್. 2016ರಲ್ಲಿ ಬಂದ ಪ್ಲೇಸ್ಟೇಷನ್ 4 ಪ್ರೋದು 4.2. ಎರಡು ಪಟ್ಟಿಗೂ ಜಾಸ್ತಿ. ಆದರೂ ಅದು ಅದೇ ತಲೆಮಾರು. ಯಾರೂ ತಕರಾರು ತೆಗೆಯಲಿಲ್ಲ. ಒಂದೂವರೆ ಪಟ್ಟು ಬೆಳೆದ ವೀ ಹೊಸ ತಲೆಮಾರು, ಎರಡೂಕಾಲು ಪಟ್ಟು ಬೆಳೆದ ಪ್ರೋ ಹಳೇ ತಲೆಮಾರು. ಅಳಿಯನಿಗೆ ಇದನ್ನು ಹೇಳಿದಾಗ ಅವನು, "ಹಾಗಾದ್ರೆ ವೀನೇ ಮೋಸ ಮಾಮ, ಅದು ಆರನೇ ಜನರೇಷನ್ನೇ" ಅಂದ. ಅವನ ಲೆಕ್ಕ ಸರಿಯಾಗೇ ಇದೆ. ಆದರೆ ಅವನು ದೊಡ್ಡಮ್ಮ ಟೆನಿಸ್ ಆಡಿದ್ದನ್ನು ನೋಡಿಲ್ಲ.

2009. ನ್ಯೂಜೆರ್ಸಿಯಲ್ಲಿದ್ದ ದೊಡ್ಡಮ್ಮನ ಮಗಳು ಮೈಸೂರಿಗೆ ಬರುವಾಗ ಮಕ್ಕಳಿಗೆ ಅಂತ ವೀ ತಂದಿದ್ದಳು. ಅಲ್ಲಿಯ ಅಡಾಪ್ಟರ್ ನಮ್ಮ 230 ವೋಲ್ಟ್‌ಗೆ ಆಗುವುದಿಲ್ಲ. ಅದಕ್ಕೆ ನಾನು ಎಸ್‌ಪಿ ರೋಡಿನಿಂದ ಒಂದು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹೊತ್ತುಕೊಂಡು ಬಸ್ಸಿನಲ್ಲಿ ಹೋದೆ. ಕನ್ಸೋಲ್‌ಗಿಂತ ಅದೇ ಭಾರ. 21 ಇಂಚಿನ ಡಬ್ಬಿ ಟಿವಿಗೆ ಹಳದಿ, ಕೆಂಪು, ಬಿಳಿ ವೈರು ಚುಚ್ಚಿದ್ದಾಯಿತು. ಮಕ್ಕಳು ಎರಡು ದಿನ ಆಡಿದರು. ಮೂರನೇ ದಿನ ಮಧ್ಯಾಹ್ನ ಅವರು ಮಲಗಿದ್ದಾಗ ದೊಡ್ಡಮ್ಮ ಹಪ್ಪಳ ಒಣಗಿಸಿ ಬಂದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ಅದೇನೋ ಕೋಲು ಬೀಸ್ತಾರಲ್ಲ, ಕೊಡು ನೋಡೋಣ" ಅಂದರು. ನಾನು ರಿಮೋಟಿನ ಪಟ್ಟಿಯನ್ನು ಅವರ ಮಣಿಕಟ್ಟಿಗೆ ಹಾಕಿದೆ. ಬಳೆಗಳ ಮೇಲೆ ಅದು ಕೂರಲೇ ಇಲ್ಲ. ಬಳೆ ಮೇಲಕ್ಕೆ ಸರಿಸಿಕೊಂಡರು.

ವೀ ಸ್ಪೋರ್ಟ್ಸ್‌ನ ಟೆನಿಸ್‌ನಲ್ಲಿ ಆಟಗಾರರು ತಾವೇ ಓಡುತ್ತಾರೆ. ನೀವು ಮಾಡಬೇಕಾದ್ದು ಬೀಸುವುದೊಂದೇ. ಮತ್ತೆ ಆ ಆಟಗಾರರಿಗೆ ಕೈಕಾಲಿರುವುದಿಲ್ಲ. ಒಂದು ದುಂಡು ತಲೆ, ಒಂದು ಮುಂಡ, ಗಾಳಿಯಲ್ಲಿ ತೇಲುವ ರ‍್ಯಾಕೆಟ್. 2009ರಲ್ಲಿ ಅದನ್ನು ಒಳ್ಳೆ ಗ್ರಾಫಿಕ್ಸ್ ಅಂತ ಯಾರೂ ಅನ್ನುತ್ತಿರಲಿಲ್ಲ. ದೊಡ್ಡಮ್ಮ ಒಂದು ಕ್ಷಣ ನೋಡಿದರು. "ಅಯ್ಯೋ ಪಾಪ, ಕೈಯೂ ಇಲ್ಲ ಕಾಲೂ ಇಲ್ಲ. ಆದ್ರೂ ಆಡ್ತಾನಲ್ಲೋ" ಅಂದರು. ಮೊದಲ ಎರಡು ಚೆಂಡು ಬಿಟ್ಟರು. ಮೂರನೆಯದಕ್ಕೆ ಬೀಸಿದರು. ರಿಮೋಟಿನೊಳಗಿನ ಪುಟ್ಟ ಸ್ಪೀಕರ್ ಟಕ್ ಅಂತು. ಚೆಂಡು ಆಚೆ ಹೋಯಿತು. ಆ ಟಕ್ ಕೇಳಿ ಅವರು ಬೆಚ್ಚಿಬಿದ್ದು ಕೈಯನ್ನೇ ನೋಡಿಕೊಂಡರು. ಆಮೇಲೆ ಮುಕ್ಕಾಲು ಗಂಟೆ ಯಾರಿಗೂ ರಿಮೋಟು ಕೊಡಲಿಲ್ಲ. ಮಹಾರಾಣಿ ಕಾಲೇಜಿನಲ್ಲಿದ್ದಾಗ ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದರಂತೆ. ಅದು ನಮಗ್ಯಾರಿಗೂ ಗೊತ್ತಿರಲಿಲ್ಲ. ಅವರ ಮಗಳಿಗೂ ಗೊತ್ತಿರಲಿಲ್ಲ.

ಅದೇ ತಿಂಗಳು ಬೆಂಗಳೂರಿನ ಗೆಳೆಯನ ರೂಮಿನಲ್ಲಿ ಪ್ಲೇಸ್ಟೇಷನ್ 3 ಆಡಿದ್ದೆ. ಚಿತ್ರ ನೋಡಿ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಕೈಯಲ್ಲಿದ್ದದ್ದು ಹಿಂದಿನ ಪ್ಲೇಸ್ಟೇಷನ್‌ನದೇ ಆಕಾರ, ಬೆರಳು ಮಾಡುತ್ತಿದ್ದದ್ದೂ ಅದೇ ಕೆಲಸ. ಕಣ್ಣಿಗೆ ಹೊಸದು, ಕೈಗೆ ಹಳೆಯದು. ವೀ ತದ್ವಿರುದ್ಧ. ಇದಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆ ಸಾಕ್ಷಿ ಜೆಲ್ಡಾ ಸರಣಿಯ ಟ್ವೈಲೈಟ್ ಪ್ರಿನ್ಸೆಸ್ ಅನ್ನುವ ಆಟ. ಅದು ವೀಗೂ ಬಂತು, ಗೇಮ್‌ಕ್ಯೂಬ್‌ಗೂ ಬಂತು. ಚಿತ್ರ ಹೆಚ್ಚುಕಮ್ಮಿ ಒಂದೇ. ಆದರೆ ಅದರ ನಾಯಕ ಲಿಂಕ್ ಎಡಚ. ವೀ ರಿಮೋಟನ್ನು ಕತ್ತಿಯ ಹಾಗೆ ಬೀಸುವವರಲ್ಲಿ ಬಹುಪಾಲು ಜನ ಬಲಗೈಯವರು. ಅದಕ್ಕೆ ನಿಂಟೆಂಡೋದವರು ಏನು ಮಾಡಿದರು ಅಂದರೆ, ವೀ ಆವೃತ್ತಿಯಲ್ಲಿ ಇಡೀ ಲೋಕವನ್ನೇ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿಬಿಟ್ಟರು. ಎಡಕ್ಕಿದ್ದ ಬೆಟ್ಟ ಬಲಕ್ಕೆ, ಬಲಕ್ಕಿದ್ದ ಊರು ಎಡಕ್ಕೆ. ಆಡುವವನ ಕೈಗೋಸ್ಕರ ಭೂಪಟವನ್ನೇ ಮಗುಚಿದರು. ಪಿಕ್ಸೆಲ್ ಎಣಿಸುವವರಿಗೆ ಆ ಎರಡು ಆಟಗಳ ನಡುವೆ ದೊಡ್ಡ ವ್ಯತ್ಯಾಸವೇ ಸಿಗುವುದಿಲ್ಲ.

ನಿಂಟೆಂಡೋದಲ್ಲಿ ಗುನ್ಪೆಯ್ ಯೊಕೊಯ್ ಅಂತ ಒಬ್ಬರಿದ್ದರು. ಗೇಮ್ ಬಾಯ್ ಮಾಡಿದವರು. ಹೊಸ ತಂತ್ರಜ್ಞಾನದ ಹಿಂದೆ ಓಡಬೇಡಿ, ಬಾಡಿಹೋದ, ಅಗ್ಗವಾದ, ಎಲ್ಲರಿಗೂ ಪಳಗಿದ ತಂತ್ರಜ್ಞಾನವನ್ನು ಯಾರೂ ಯೋಚಿಸದ ಕಡೆ ಬಳಸಿ ಅನ್ನುವುದು ಅವರ ದಾರಿ. ನಮ್ಮ ಅಡುಗೆಮನೆಗೆ ಇದು ಹೊಸ ವಿಚಾರವೇನಲ್ಲ. ಚಿತ್ರಾನ್ನಕ್ಕೆ ಬಿಸಿ ಅನ್ನಕ್ಕಿಂತ ನಿನ್ನೆಯ ಅನ್ನವೇ ಉದುರುದುರಾಗಿ ಚೆನ್ನಾಗಿ ಬರುತ್ತದೆ. 1989ರ ಗೇಮ್ ಬಾಯ್‌ಗೆ ಬಣ್ಣ ಇರಲಿಲ್ಲ, ಬೆಳಕೂ ಇರಲಿಲ್ಲ. ಅದೇ ವರ್ಷ ಬಂದ ಅಟಾರಿ ಲಿಂಕ್ಸ್‌ಗೆ ಎರಡೂ ಇತ್ತು, ಜೊತೆಗೆ ಬ್ಯಾಟರಿ ನುಂಗುವ ಚಾಳಿಯೂ ಇತ್ತು. ಉಳಿದದ್ದು ಯಾವುದು ಅಂತ ಹೇಳಬೇಕಾಗಿಲ್ಲ. ವೀ ಆ ಮನೆತನದ ಕೂಸು. 10 ಕೋಟಿ 16 ಲಕ್ಷ ಮಾರಾಟವಾಗಿ, ತನಗಿಂತ ಎಷ್ಟೋ ಬಲಶಾಲಿಯಾದ ಪ್ಲೇಸ್ಟೇಷನ್ 3ನ್ನು ಹಿಂದೆ ಹಾಕಿತು. ಅದರ ಮಗ ವೀ ಯು ಎಚ್‌ಡಿ ಚಿತ್ರ ತಂದ. ಅಪ್ಪನಿಗಿಂತ ಬಲವೂ ಜಾಸ್ತಿ. ಒಂದು ಕೋಟಿ 35 ಲಕ್ಷದಷ್ಟು ಮಾರಿ ಸುಮ್ಮನಾದ.

ಪಂಕ್ತಿ ಏಳುವ ಹೊತ್ತು

ಸರಿ, ಬಲ ಅಲ್ಲದಿದ್ದರೆ ಇನ್ನೇನು? ವಂಶಾವಳಿಯೇ ಸಾಕು ಅನ್ನಬಹುದು. ವೀ ಗೇಮ್‌ಕ್ಯೂಬ್‌ನ ಮಗ, ಪ್ಲೇಸ್ಟೇಷನ್ 3 ಪ್ಲೇಸ್ಟೇಷನ್ 2ರ ಮಗ, ಅಣ್ಣತಮ್ಮಂದಿರ ಮಕ್ಕಳ ಹಾಗೆ ಎಲ್ಲರೂ ಒಂದೇ ತಲೆಮಾರು. ಬಹಳ ಕಡೆ ಇದು ನಡೆಯುತ್ತದೆ. ಆದರೆ ಮನೆತನದಲ್ಲೂ ಎಡವಟ್ಟುಗಳಿರುತ್ತವೆ. ನಿಂಟೆಂಡೋ ಸ್ವಿಚ್ ಬಂದದ್ದು 2017ರ ಮಾರ್ಚ್‌ನಲ್ಲಿ. ವೀ ಯು ನಂತರ ಹುಟ್ಟಿದ್ದು, ಆದ್ದರಿಂದ ಅದರ ಮಗ. ಆದರೂ ಪಟ್ಟಿ ಹಾಕುವವರು ಅಪ್ಪ ಮಗ ಇಬ್ಬರನ್ನೂ ಎಂಟನೇ ತಲೆಮಾರಿನಲ್ಲೇ ಕೂರಿಸುತ್ತಾರೆ. ನಮ್ಮ ಮನೆಯ ಬಾಣಂತನದ ಕತೆಯ ಹಾಗೆ. ಸ್ವಿಚ್‌ನ ಬಲ 2013ರ ಪ್ಲೇಸ್ಟೇಷನ್ 4ರ ಹತ್ತಿರಕ್ಕೂ ಬರುತ್ತಿರಲಿಲ್ಲ. ಅದು 15 ಕೋಟಿಗೂ ಜಾಸ್ತಿ ಮಾರಿತು. 2020ರಲ್ಲಿ ಹೊಸ ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್ 5 ಬಂದ ಮೇಲೂ ಐದು ವರ್ಷ ಅದೇ ಅಂಗಡಿಯಲ್ಲಿ, ಅದೇ ಸಾಲಿನಲ್ಲಿ ನಿಂತಿತ್ತು. ಇದನ್ನು ಎಂಟು ಅನ್ನುತ್ತೀರೋ ಒಂಬತ್ತು ಅನ್ನುತ್ತೀರೋ, ಡಬ್ಬಿಯ ಮೇಲಂತೂ ಯಾವ ಕಂಪನಿಯೂ ಆ ಅಂಕಿ ಬರೆದಿಲ್ಲ.

ನನಗೆ ಈಗ ಅನ್ನಿಸುವುದು, ಅಂಗಡಿಯವರು ಒಂದೇ ಸಾಲಿನಲ್ಲಿ ಉತ್ತರ ಹೇಳಿಬಿಟ್ಟಿದ್ದರು ಅಂತ. ಹೊಸ ಗೇಮ್ ಇದಕ್ಕೆ ಬರುತ್ತೆ, ಅದಕ್ಕೆ ಬರಲ್ಲ. ಆಟ ಮಾಡುವವರು ಯಾವ ಡಬ್ಬಿಗೆ ಎಲೆ ಹಾಕುವುದನ್ನು ನಿಲ್ಲಿಸುತ್ತಾರೋ ಅದು ಹಳೇ ತಲೆಮಾರು. ಈ ನಿಲ್ಲಿಸುವುದು ಒಂದೇ ದಿನ ಆಗುವುದಿಲ್ಲ. ಮದುವೆ ಊಟದಲ್ಲಿ ನೋಡಿ. ಮೊದಲ ಪಂಕ್ತಿಯವರು ಮಜ್ಜಿಗೆಗೆ ಕಾಯುತ್ತಿರುವಾಗಲೇ ಎರಡನೇ ಪಂಕ್ತಿಯವರು ಅವರ ಬೆನ್ನ ಹಿಂದೆ ಬಂದು ನಿಂತಿರುತ್ತಾರೆ. 2013ರಲ್ಲಿ ಫಿಫಾ 14 ಬಂದಾಗ ಪ್ಲೇಸ್ಟೇಷನ್ 2, 3, 4 ಮೂರಕ್ಕೂ ಬಂತು. ಮೂರು ಪಂಕ್ತಿಗೂ ಒಂದೇ ಸಾರು. ಜಿಟಿಎ 5 ಕೂಡ 2013ರಲ್ಲಿ ಪ್ಲೇಸ್ಟೇಷನ್ 3ಕ್ಕೆ, 2014ರಲ್ಲಿ 4ಕ್ಕೆ, 2022ರಲ್ಲಿ 5ಕ್ಕೆ. ಗಾಡ್ ಆಫ್ ವಾರ್ ರಾಗ್ನರಾಕ್ ಪ್ಲೇಸ್ಟೇಷನ್ 5 ಹುಟ್ಟಿ ಎರಡು ವರ್ಷ ಆದಮೇಲೂ 4ರ ಎಲೆಗೆ ಬಡಿಸಿತು.

ಆದರೆ ಎಲೆ ಹಾಕುವುದು ಯಾಕೆ ನಿಲ್ಲಿಸುತ್ತಾರೆ ಅನ್ನುವುದು ಇದಕ್ಕಿಂತ ಒಳ್ಳೆ ಪ್ರಶ್ನೆ. ಚಿತ್ರ ಮಂಕಾಗುತ್ತದೆ ಅಂತಲೇ ನಿಲ್ಲಿಸುವುದು ಕಮ್ಮಿ. ಚಿತ್ರವನ್ನು ಹೇಗೋ ಇಳಿಸಬಹುದು. ನೆರಳು ತೆಗೆಯಿರಿ, ಹುಲ್ಲು ಕಮ್ಮಿ ಮಾಡಿ, ಪಿಕ್ಸೆಲ್ ಅರ್ಧ ಮಾಡಿ, ನಡೆಯುತ್ತದೆ. ಇಳಿಸಲಿಕ್ಕೆ ಬರದೇ ಇರುವುದು ಬೇರೆ ಇದೆ. ನಮ್ಮ ಕಪ್ಪು ಡಬ್ಬಿಯೊಳಗೆ ಆರು ಟೆರಾಫ್ಲಾಪ್ ಇದ್ದರೂ ಜೊತೆಗಿದ್ದದ್ದು 2013ರ ಕಾಲದ ಬಡ ಜಾಗ್ವಾರ್ ಪ್ರೊಸೆಸರ್ ಮತ್ತು ತಿರುಗುವ ಹಾರ್ಡ್ ಡಿಸ್ಕ್. (ಹೌದು, ಈ ಜಾಗ್ವಾರ್ ಬೇರೆ. ಆ ಹೆಸರಿಗೂ ಕನ್ಸೋಲ್‌ಗಳಿಗೂ ಏನೋ ಋಣಾನುಬಂಧ.) ಎತ್ತಿನ ಗಾಡಿಗೆ ಲಾರಿ ಎಂಜಿನ್ ಕೂರಿಸಿದ ಹಾಗೆ. ಬಿಳೀ ಡಬ್ಬಿಯಲ್ಲಿ ಚಿತ್ರದ ಬಲ ಕಮ್ಮಿ, ಆದರೆ ಪ್ರೊಸೆಸರ್ ಹೊಸದು, ಡಿಸ್ಕ್ ಜಾಗದಲ್ಲಿ ಏನೂ ತಿರುಗದ, ಬಲು ಬೇಗ ಓದುವ ಎಸ್‌ಎಸ್‌ಡಿ.

ಹಾರ್ಡ್ ಡಿಸ್ಕ್ ಆಟಗಳಿಗೆ ಏನು ಮಾಡುತ್ತಿತ್ತು ಅನ್ನುವುದನ್ನು ಪ್ಲೇಸ್ಟೇಷನ್ 5ರ ವಿನ್ಯಾಸ ಮಾಡಿದ ಮಾರ್ಕ್ ಸರ್ನಿ 2020ರ ಮಾರ್ಚ್‌ನಲ್ಲಿ ಒಂದು ಭಾಷಣದಲ್ಲಿ ಬಿಡಿಸಿ ಹೇಳಿದ್ದರು. ಪ್ಲೇಸ್ಟೇಷನ್ 4ರ ಸ್ಪೈಡರ್ ಮ್ಯಾನ್ ಆಟದಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಅಂಚೆ ಪೆಟ್ಟಿಗೆ, ಪೇಪರ್ ಸ್ಟ್ಯಾಂಡ್ ಇಂಥವು ಎಲ್ಲ ಕಡೆ ಬರುತ್ತವೆ. ಅವು ಡಿಸ್ಕಿನಲ್ಲಿ ಒಂದು ಕಡೆ ಇದ್ದರೆ, ಓದುವ ಸೂಜಿ ಪ್ರತಿ ಸಲ ಅಲ್ಲಿಗೆ ಓಡಿ ಬರಬೇಕು. ಅಷ್ಟು ಹೊತ್ತಿಗೆ ಸ್ಪೈಡರ್ ಮ್ಯಾನ್ ಮುಂದಿನ ಬೀದಿಗೆ ಜಿಗಿದಾಗಿರುತ್ತದೆ. ಅದಕ್ಕೆ ಆ ಅಂಚೆ ಪೆಟ್ಟಿಗೆಯಂಥ ವಸ್ತುಗಳನ್ನು ಡಿಸ್ಕಿನ ಮೇಲೆ 400 ಸಲ ನಕಲು ಮಾಡಿ ಇಟ್ಟಿದ್ದರಂತೆ. ನಮ್ಮ ಹಳದಿ ಕ್ಯಾಸೆಟ್ ಒಂದೇ ಆಟವನ್ನು ನೂರು ಹೆಸರಿನಲ್ಲಿ ಇಟ್ಟುಕೊಂಡಿತ್ತಲ್ಲ, ಅದರ ದೊಡ್ಡಣ್ಣ. ಇಲ್ಲಿ ಮೋಸ ಇಲ್ಲ ಅಷ್ಟೇ. ಆಟಗಳಲ್ಲಿ ನಾಯಕ ಎರಡು ಬಂಡೆಗಳ ಸಂದಿಯಲ್ಲಿ ಮೈ ಹಿಂಡಿಕೊಂಡು ನಿಧಾನಕ್ಕೆ ತೂರುತ್ತಾನಲ್ಲ, ಲಿಫ್ಟಿನಲ್ಲಿ ಸುಮ್ನೆ ಹರಟೆ ಹೊಡೆಯುತ್ತಾ ನಿಂತಿರುತ್ತಾನಲ್ಲ, ಅದೆಲ್ಲ ಬಹಳ ಸಲ ಆಚೆ ಕಡೆಯ ಲೋಕವನ್ನು ಡಿಸ್ಕಿನಿಂದ ಎಳೆದು ತರಲು ಹೂಡಿದ ನಾಟಕ. ಹೊಸ ಡಬ್ಬಿ ಹೇಗಿರಬೇಕು ಅಂತ ಆಟ ಮಾಡುವವರನ್ನು ಕೇಳಿದಾಗ ಅವರು ಎಲ್ಲಕ್ಕಿಂತ ಮೊದಲು ಕೇಳಿದ್ದು ಎಸ್‌ಎಸ್‌ಡಿ ಅಂತ ಸರ್ನಿ ಹೇಳಿದರು. ಹಳೇ ಡಿಸ್ಕು ಸೆಕೆಂಡಿಗೆ 50ರಿಂದ 100 ಮೆಗಾಬೈಟ್ ಕೊಡುತ್ತಿತ್ತು. ಪ್ಲೇಸ್ಟೇಷನ್ 5ರದು ಐದೂವರೆ ಗಿಗಾಬೈಟ್.

2020ರ ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ 2077 ಅನ್ನುವ ಆಟ ಹಳೇ ಡಬ್ಬಿಗಳ ಮೇಲೆ ಎಷ್ಟು ಕೆಟ್ಟದಾಗಿ ಓಡಿತು ಅಂದರೆ, ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದುಹಾಕಿತು. ಆರು ತಿಂಗಳು ಆದಮೇಲೆ ಮತ್ತೆ ಸೇರಿಸಿಕೊಂಡಿತು. 2023ರಲ್ಲಿ ಅದಕ್ಕೆ ಸೇರಿಸಿ ಆಡುವ ಹೊಸ ಭಾಗ ಫ್ಯಾಂಟಮ್ ಲಿಬರ್ಟಿ ಬಂದಾಗ ಹಳೇ ಕನ್ಸೋಲ್‌ಗಳಿಗೆ ಎಲೆಯೇ ಹಾಕಲಿಲ್ಲ. ಆರು ಟೆರಾಫ್ಲಾಪ್‌ನ ಒನ್ ಎಕ್ಸ್ ಹೊರಗೆ. ನಾಲ್ಕರ ಸೀರೀಸ್ ಎಸ್ ಒಳಗೆ. ಹಾಗಂತ ಒಳಗೆ ಕೂತವನಿಗೂ ಪೂರ್ತಿ ಊಟ ಸಿಗುತ್ತದೆ ಅಂತಿಲ್ಲ. ಅದೇ ವರ್ಷ ಬಾಲ್ಡರ್ಸ್ ಗೇಟ್ 3 ಅನ್ನುವ ಆಟ ಎಕ್ಸ್‌ಬಾಕ್ಸ್‌ಗೆ ತಡವಾಗಿ ಬಂತು. ಒಂದೇ ಪರದೆಯನ್ನು ಇಬ್ಬರು ಹಂಚಿಕೊಂಡು ಆಡುವ ಸೌಲಭ್ಯ ಸೀರೀಸ್ ಎಸ್‌ನಲ್ಲಿ ಕೂರಲಿಲ್ಲ. ಆ ವರ್ಷ ಅದಿಲ್ಲದೆಯೇ ಬಿಡುಗಡೆ ಮಾಡಿದರು. ನಾವು ತಂದದ್ದು ತಲೆಮಾರಿನ ಬಡಕಲು ಕೂಸನ್ನು ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಅಳಿಯನಿಗೆ ಗೊತ್ತಿತ್ತು. ಬಜೆಟ್ ನನ್ನದು ಅಂತ ಸುಮ್ಮನಿದ್ದ.

ನಾಯಿ ನಕ್ಕಿತು

ಕಳೆದ ತಿಂಗಳು ತಿಪಟೂರಿನ ಮನೆ ಸುಣ್ಣ ಬಣ್ಣ ಮಾಡಿಸುವಾಗ ಅಟ್ಟದಿಂದ ಆ ಟಿವಿ ಗೇಮ್ ಇಳಿಯಿತಂತೆ. ಚಿಕ್ಕಮಾಮ ನೆನಪಿಟ್ಟುಕೊಂಡು ಬಸ್ಸಿನಲ್ಲಿ ಕಳಿಸಿಕೊಟ್ಟ. ಕೊಬ್ಬರಿ ವಾಸನೆ ಹಾಗೇ ಇತ್ತು. ಅಳಿಯ ಭಾನುವಾರ ಬಂದವನು ಬಿಳೀ ಎಕ್ಸ್‌ಬಾಕ್ಸ್ ಪಕ್ಕಕ್ಕೆ ಸರಿಸಿ, ನಮ್ಮ 55 ಇಂಚಿನ 4ಕೆ ಟಿವಿಯ ಹಿಂದೆ ಟಾರ್ಚ್ ಹಿಡಿದು ಹುಡುಕಿ, ಹಳದಿ ವೈರಿನ ತೂತು ಪತ್ತೆ ಮಾಡಿದ. ಕ್ಯಾಸೆಟ್ ಮೊದಲ ಸಲ ಹಿಡಿಯಲಿಲ್ಲ. ನಾನು ಊದಿದೆ. ಹಿಡಿಯಿತು. ಮಾರಿಯೋ ಚೌಕ ಚೌಕವಾಗಿ ಗೋಡೆಯಷ್ಟು ದೊಡ್ಡದಾಗಿ ನಿಂತ. ಅವನಿಗೆ ಅದು ಬೇಡ. ಬಂದೂಕು ಬೇಕು.

ಬಾತುಕೋಳಿ ಎದ್ದವು. ಅವನು ಗುರಿ ಹಿಡಿದು ಹೊಡೆದ. ಬೀಳಲಿಲ್ಲ. ಮತ್ತೆ ಹೊಡೆದ. ಟಿವಿಗೆ ಬಂದೂಕಿನ ಮೂತಿ ಮುಟ್ಟಿಸಿ ಹೊಡೆದ. ಒಂದೂ ಬೀಳಲಿಲ್ಲ. ನಾನೂ ಹೊಡೆದೆ. ಪ್ರತಿ ಸಲವೂ ಹುಲ್ಲಿನ ಹಿಂದಿನಿಂದ ಆ ನಾಯಿ ಎದ್ದು ಬಾಯಿ ಮುಚ್ಚಿಕೊಂಡು ನಗುತ್ತಿತ್ತು. ಬಂದೂಕು ಕೆಟ್ಟಿದೆ ಅಂದುಕೊಂಡೆ. ಆಮೇಲೆ ಹೊಳೆಯಿತು. ಆ ಬಂದೂಕಿನಿಂದ ಏನೂ ಹೊರಗೆ ಬರುವುದಿಲ್ಲ. ಟ್ರಿಗರ್ ಒತ್ತಿದ ಕೂಡಲೇ ಪರದೆ ಒಂದು ಗಳಿಗೆ ಪೂರ್ತಿ ಕಪ್ಪಾಗುತ್ತದೆ, ಮರುಗಳಿಗೆ ಬಾತುಕೋಳಿ ಇದ್ದ ಜಾಗದಲ್ಲಿ ಒಂದು ಬಿಳಿ ಚೌಕ ಮೂಡುತ್ತದೆ. ಬಂದೂಕಿನ ಮೂತಿಯಲ್ಲಿರುವ ಸೆನ್ಸರ್‌ಗೆ ಆ ಬಿಳಿ ಕಂಡರೆ ಹಕ್ಕಿ ಬಿದ್ದ ಲೆಕ್ಕ. ಡಬ್ಬಿ ಟಿವಿ ಸಿಗ್ನಲ್ ಬಂದ ಹಾಗೆಯೇ ಚಿತ್ರ ಬಿಡಿಸುತ್ತಿತ್ತು. ನಮ್ಮ 4ಕೆ ಟಿವಿ ಹಾಗಲ್ಲ. ಬಂದ ಚಿತ್ರವನ್ನು ಮೊದಲು ಒಳಗಿಟ್ಟುಕೊಂಡು, ಹಿಗ್ಗಿಸಿ, ನಯ ಮಾಡಿ, ಆಮೇಲೆ ತೋರಿಸುತ್ತದೆ. ನಮ್ಮ ಕಣ್ಣಿಗೆ ಆ ತಡ ಗೊತ್ತಾಗುವುದಿಲ್ಲ. ಬಂದೂಕು ಅಷ್ಟು ಹೊತ್ತಿಗೆ ಕಣ್ಣು ಮುಚ್ಚಿಕೊಂಡಾಗಿರುತ್ತದೆ.

ಚಿಕ್ಕಮಾಮನಿಗೆ ಫೋನ್ ಮಾಡಿ ಹೇಳಿದೆ. ಒಂದು ನಿಮಿಷ ನಕ್ಕ. ಹಳೇ ಡಬ್ಬಿ ಟಿವಿ ಇನ್ನೂ ಇದೆಯಂತೆ. ಉಗ್ರಾಣದಲ್ಲಿ, ಅದರ ಮೇಲೆ ಗೋಣಿಚೀಲ ಪೇರಿಸಿದ್ದಾನಂತೆ. "ಚೀಲ ಇಳಿಸಿರ್ತೀನಿ, ಅವನನ್ನ ಕರ್ಕೊಂಡು ಬಾ. ಬರುವಾಗ ಬಂದೂಕು ಮರೀಬೇಡ" ಅಂದ. ಅಳಿಯ ನನ್ನ ಕೈಯಿಂದ ಫೋನ್ ಕಸಿದುಕೊಂಡು, ಅಲ್ಲಿ ಕರೆಂಟು ಎಷ್ಟು ಗಂಟೆಗೆ ಹೋಗುತ್ತೆ ಅಂತ ಕೇಳಿದ.